ಈಲಂಡ್ ಬೆನ್ನು ಹತ್ತಿ ಆರು ದಿನ

ಮೊದಲೇ ಹೇಳಿಬಿಡುತ್ತೇನೆ, ನಾನು ಬೇಟೆಗಾರ ಅಲ್ಲ. ಮಲೆನಾಡಿನ ಬಹಳ ಮನೆಗಳಲ್ಲಿ ಇದ್ದ ಹಾಗೆ ನಮ್ಮ ಮನೆಯಲ್ಲೂ ಒಂದು ಕೇಪಿನ ಕೋವಿ ಇತ್ತು, ಅಜ್ಜನದು. ನಾನು ನೋಡುವ ಹೊತ್ತಿಗೆ ಅದರ ಕೆಲಸ ಮಂಗ ಓಡಿಸುವುದು, ತೋಟಕ್ಕೆ ನುಗ್ಗುವ ಹಂದಿ ಹೆದರಿಸುವುದು, ಇಷ್ಟೇ. 1972ರ ವನ್ಯಜೀವಿ ಕಾಯ್ದೆಗೆ ಮುಂಚೆ ಅಜ್ಜ ಮರಸು ಕೂತು ಕಡವೆ ಹೊಡೆದ ಕಥೆಗಳನ್ನು ಮಾತ್ರ ಸಾಕಷ್ಟು ಕೇಳಿದ್ದೇನೆ. ಕೇಳಿದ್ದು ಜಾಸ್ತಿ, ಕಂಡಿದ್ದು ಸೊನ್ನೆ.

ಈಗ ಜೊಹಾನ್ಸ್‌ಬರ್ಗ್‌ನಲ್ಲಿ ಕೆಲಸ, ಆರು ವರ್ಷವಾಯಿತು. ಆಫೀಸಿನಲ್ಲಿ ಪಕ್ಕದ ಸೀಟಿನ ಗೆಳೆಯ ದಕ್ಷಿಣ ಆಫ್ರಿಕಾದ ಫ್ರೀ ಸ್ಟೇಟ್ ಪ್ರಾಂತ್ಯದ ಕಡೆಯ ರೈತರ ಮನೆಯವನು. ನಮ್ಮ ಕಡೆ ಹುಡುಗರು ಸೈಕಲ್ ಕಲಿಯುವ ವಯಸ್ಸಿಗೆ ಅವನು ಬಂದೂಕು ಕಲಿತವನು. ಅವನಿಗೆ ಹತ್ತು ವರ್ಷದಿಂದ ಒಂದೇ ಆಸೆ, ನಮೀಬಿಯಾದಲ್ಲಿ ಒಂದು ಮುದಿ ಗಂಡು ಈಲಂಡ್ ಹೊಡೆಯಬೇಕು ಅಂತ. ಈಲಂಡ್ ಅಂದರೆ ಎತ್ತಿಗಿಂತ ದೊಡ್ಡ ಒಂದು ಹುಲ್ಲೆ. "ನೀನೂ ಬಾ, ನೋಡೋಕೆ ಬರುವವರಿಗೆ ದಿನದ ಬಾಡಿಗೆ ಕಮ್ಮಿ" ಅಂದ. ಹೋದೆ.

ಮೊದಲ ದಿನ

ಜುಲೈ. ಅಲ್ಲಿ ಚಳಿಗಾಲ. ವಿಂಡ್‌ಹುಕ್ ವಿಮಾನ ನಿಲ್ದಾಣಕ್ಕೆ ಇಳಿದಾಗ ಗೆಳೆಯನ ರೈಫಲ್ ಪೆಟ್ಟಿಗೆ ಬಂತು, ನನ್ನ ಬ್ಯಾಗು ಬರಲಿಲ್ಲ. ವಿಮಾನದವರು ನಾಳೆ ಬರುತ್ತೆ ಅಂದರು. ಆ ನಾಳೆ ಬಂದದ್ದು ನಾನು ವಾಪಸ್ ಹೊರಡುವ ದಿನ. ಹಾಗಾಗಿ ಆರೂ ದಿನ ಗೆಳೆಯನ ಅಪ್ಪನ ಹಳೇ ಖಾಕಿ ಜಾಕೀಟು, ಕಾಲಿಗೆ ನನ್ನ ಆಫೀಸಿನ ಸ್ಪೋರ್ಟ್ಸ್ ಶೂ. ಈ ಶೂ ಕಥೆ ಮುಂದೆ ಬರುತ್ತೆ.

ಬಂದೂಕು ತರುವವರಿಗೆ ಪೊಲೀಸ್ ಕೌಂಟರ್ ಬೇರೆ ಇದೆ. ಒಂದು ಫಾರಂ ತುಂಬಬೇಕು. ಆಮೇಲೆ ಪೊಲೀಸಮ್ಮ ರೈಫಲ್ ತೆಗೆಸಿ, ಅದರ ಮೇಲಿನ ನಂಬರನ್ನು ಕಾಗದದ ಜೊತೆ ತಾಳೆ ನೋಡಿ, ತೋಟಾಗಳನ್ನು ಒಂದೊಂದಾಗಿ ಎಣಿಸಿದರು. ಚುನಾವಣೆ ಬಂದಾಗಲೆಲ್ಲ ಅಜ್ಜ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಠಾಣೆಗೆ ಕೊಟ್ಟು ಬರುತ್ತಿದ್ದದ್ದು ನೆನಪಾಯಿತು. ಬೈದುಕೊಂಡು ಹೋಗಿ ಬೈದುಕೊಂಡು ಬರುತ್ತಿದ್ದರು.

ಗೈಡ್ ಕರೆದುಕೊಂಡು ಹೋಗಲು ಬಂದಿದ್ದ. ನಲವತ್ತೈದರ ಆಸುಪಾಸು, ಜರ್ಮನ್ ಮೂಲದವನು, ಮೂರನೇ ತಲೆಮಾರು. ನಮೀಬಿಯಾದಲ್ಲಿ ಹೊರಗಿನವರು ಸುಮ್ನೆ ಬಂದೂಕು ಹಿಡಿದು ಕಾಡಿಗೆ ನುಗ್ಗುವ ಹಾಗಿಲ್ಲ. ಸರ್ಕಾರದಲ್ಲಿ ನೋಂದಾಯಿಸಿದ ಗೈಡ್ ಜೊತೆಗಿರಬೇಕು, ಪ್ರಾಣಿಗಳ ಪರ್ಮಿಟ್ ಮೊದಲೇ ತೆಗೆದಿರಬೇಕು, ಕೊಂಬಿಗಾಗಿ ಮಾಡುವ (ಟ್ರೋಫಿ) ಬೇಟೆಗೆ ಕಾಲ ಫೆಬ್ರವರಿಯಿಂದ ನವೆಂಬರ್‌ವರೆಗೆ ಮಾತ್ರ.

ಅಲ್ಲಿಂದ ವಿಂಡ್‌ಹುಕ್, ಒಕಹಂಜ ದಾಟಿ ಉತ್ತರಕ್ಕೆ ಒಟ್ಜಿವರೊಂಗೊ. ಒಟ್ಟು ಮುನ್ನೂರು ಕಿಲೋಮೀಟರ್ ಹತ್ತಿರ, ಗೆರೆ ಎಳೆದ ಹಾಗೆ ನೇರ ರಸ್ತೆ. ಕರ್ನಾಟಕದ ನಾಲ್ಕು ಪಟ್ಟು ದೊಡ್ಡ ದೇಶ, ಜನ ಬರೀ 30 ಲಕ್ಷ. ಅರ್ಧ ಗಂಟೆ ಓಡಿದರೂ ಒಂದು ಮನೆ ಸಿಗಲ್ಲ. ಸಿಗುವುದು ರಸ್ತೆ ಬದಿ ಮಂಡಿಯೂರಿ ಹುಲ್ಲು ಕೀಳುವ ಕಾಡುಹಂದಿ, ಮತ್ತೆ ತಿರುಚಿದ ಕೊಂಬಿನ ಕೂಡು ಚಿತ್ರದ ಹಳದಿ ಬೋರ್ಡು. (ಕೂಡು ಅಂದರೆ ಒಂದು ಜಾತಿಯ ಹುಲ್ಲೆ, ನಮ್ಮ ಕೂಡು-ಕಳೆ ಲೆಕ್ಕ ಅಲ್ಲ.) ಕತ್ತಲಾದ ಮೇಲೆ ಈ ರಸ್ತೆಯಲ್ಲಿ ಗಾಡಿ ಓಡಿಸುವವನಿಗೆ ತಲೆ ಕೆಟ್ಟಿದೆ ಅಂತ ಗೈಡ್ ಹೇಳಿದ. 250 ಕಿಲೋದ ಪ್ರಾಣಿ ಹೆಡ್‌ಲೈಟ್ ಕಂಡು ಓಡುವ ಬದಲು ಎಗರುತ್ತದಂತೆ. ಎಗರಿದರೆ ಬಂದು ಬೀಳುವುದು ಗಾಜಿನ ಮೇಲೆ.

ಗೈಡ್‌ನ ಜಮೀನು 12 ಸಾವಿರ ಹೆಕ್ಟೇರ್. ಎಕರೆಗೆ ತಿರುಗಿಸಿ ನೋಡಿದೆ, 30 ಸಾವಿರ! ನಮ್ಮೂರಲ್ಲಿ ಹತ್ತು ಎಕರೆ ಅಡಿಕೆ ತೋಟ ಇದ್ದವನು ಸಾಹುಕಾರ. ಆದರೆ ಇಲ್ಲಿ ಮಳೆ ಇಲ್ಲ, ಬೆಳೆ ಇಲ್ಲ. ಮುಳ್ಳು, ಒಣ ಹುಲ್ಲು, ದನ, ಕಾಡುಪ್ರಾಣಿ.

ದೂರದಲ್ಲಿ ಕೆಂಪಗೆ ಗೋಡೆಯ ಹಾಗೆ ವಾಟರ್‌ಬರ್ಗ್ ಬೆಟ್ಟ. 1904ರಲ್ಲಿ ಹೆರೆರೊ ಜನರನ್ನು ಜರ್ಮನ್ ಸೈನ್ಯ ಸೋಲಿಸಿ ಮರುಭೂಮಿಗೆ ಅಟ್ಟಿದ್ದು ಇದರ ಬುಡದಲ್ಲೇ. ಸಾವಿರಾರು ಜನ ನೀರಿಲ್ಲದೆ ಸತ್ತರು. ಅದು ನರಮೇಧ ಅಂತ ಜರ್ಮನಿ ಒಪ್ಪಿಕೊಂಡದ್ದು 2021ರಲ್ಲಿ. ಈ ಮಣ್ಣು ಯಾರದ್ದು, ಯಾರ ಕೈಗೆ ಹೇಗೆ ಬಂತು ಅನ್ನುವ ಮಾತು ಆರು ದಿನದಲ್ಲಿ ಒಂದು ಸಲವೂ ಊಟದ ಮೇಜಿಗೆ ಬರಲಿಲ್ಲ. ನಾನೂ ಎತ್ತಲಿಲ್ಲ, ಅತಿಥಿಯಾಗಿ ಹೋದವನು.

ಎರಡನೇ ದಿನ

ಬೆಳಗ್ಗೆ ಆರೂವರೆ, ಕಗ್ಗತ್ತಲು, ಬಕೆಟ್ ನೀರಿನ ಮೇಲೆ ಮಂಜುಗಡ್ಡೆಯ ಪದರ. ಆಫ್ರಿಕಾ ಅಂದರೆ ಬಿಸಿಲು ಅಂದುಕೊಂಡವರು ಜುಲೈಯಲ್ಲಿ ಇಲ್ಲಿ ಬಂದು ನೋಡಬೇಕು.

ಹೊತ್ತು ಹುಟ್ಟಿದ ಮೇಲೆ ಮೊದಲ ಕೆಲಸ ಗುರಿ ಪರೀಕ್ಷೆ. ನೂರು ಮೀಟರ್ ದೂರದಲ್ಲಿ ರಟ್ಟು ನಿಲ್ಲಿಸಿ ಹೊಡೆಸುತ್ತಾರೆ. ವಿಮಾನದಲ್ಲಿ ಎತ್ತಿ ಒಗೆದಾಗ ರೈಫಲ್ ಮೇಲಿನ ದುರ್ಬೀನು ಒಂದು ಕೂದಲು ಅಲುಗಾಡಿದರೂ ಗುಂಡು ಎಲ್ಲೋ ಹೋಗುತ್ತೆ. ಗೆಳೆಯನ ಮೊದಲ ಗುಂಡು ನಾಲ್ಕು ಬೆರಳು ಬಲಕ್ಕೆ ಬಿತ್ತು. ಎರಡು ಸಲ ತಿರುಪು ತಿರುಗಿಸಿದ ಮೇಲೆ ಸರಿಯಾಯಿತು. ಅವನದು .375, ಕಾಡೆಮ್ಮೆ ಹೊಡೆಯುವ ಬಂದೂಕು. ಕೂಡು, ಓರಿಕ್ಸ್, ಈಲಂಡ್‌ನಂಥ ದೊಡ್ಡ ಹುಲ್ಲೆಗಳಿಗೆ ಕನಿಷ್ಠ 2700 ಜೂಲ್ ಶಕ್ತಿ ಇರುವ ಗುಂಡೇ ಬೇಕು ಅಂತ ಕಾನೂನೇ ಇದೆ. ನನಗೂ ಒಂದು ಹೊಡೆಯಲು ಕೊಟ್ಟರು. ರಟ್ಟಿಗೆ ಬಿತ್ತು, ಭುಜಕ್ಕೂ ಬಿತ್ತು. ಭುಜದ ನೀಲಿ ಮಾಯಲು ಎರಡು ವಾರ ಬೇಕಾಯಿತು.

ಆಮೇಲೆ ಗೈಡ್ ನೆಲದ ಮೇಲೆ ಕಡ್ಡಿಯಲ್ಲಿ ಪ್ರಾಣಿ ಬರೆದು ಪಾಠ ಮಾಡಿದ. ಇವುಗಳ ಹೃದಯ ನಾವು ಅಂದುಕೊಂಡದ್ದಕ್ಕಿಂತ ಕೆಳಗೆ, ಮುಂದೆ ಇರುತ್ತದೆ. ಮುಂಗಾಲಿನ ಗೆರೆ ಹಿಡಿದು ಮೇಲೆ ಬಾ, ಮೈಯ ಮೂರನೇ ಒಂದು ಭಾಗಕ್ಕೆ ನಿಲ್ಲು, ಅಲ್ಲಿ ಹೊಡೆ. ಹಿಂದೆ ಹೋದರೆ ಹೊಟ್ಟೆ. ಹೊಟ್ಟೆಗೆ ಬಿದ್ದರೆ ನನ್ನ ದಿನವೂ ಹೋಯಿತು, ನಿನ್ನ ನಿದ್ದೆಯೂ ಹೋಯಿತು. ರಕ್ತ ಒಂದು ಹನಿ ಬಿದ್ದರೂ ಸಾಕು, ಪ್ರಾಣಿ ಸಿಗಲಿ ಬಿಡಲಿ ದುಡ್ಡು ಪೂರ್ತಿ ಕೊಡಬೇಕು. ಇದು ಈ ಕಡೆ ಎಲ್ಲ ಕಡೆಯ ನಿಯಮ.

ಇಲ್ಲಿ ಒಂದು ಮಾತು. ನಾವು ಕನ್ನಡದಲ್ಲಿ ಎಲ್ಲವನ್ನೂ ಜಿಂಕೆ ಅಂದುಬಿಡುತ್ತೇವೆ. ಆದರೆ ಕಡವೆ, ಚುಕ್ಕೆ ಜಿಂಕೆಗಳ ಕವಲುಗೊಂಬು ವರ್ಷ ವರ್ಷ ಉದುರಿ ಮತ್ತೆ ಬರುತ್ತೆ. ಇವು ಹುಲ್ಲೆ ಜಾತಿ, ನಮ್ಮ ರಾಣೆಬೆನ್ನೂರಿನ ಚಿಗರಿ ಇದೆಯಲ್ಲ, ಅದರ ಹಾಗೆ. ಒಳಗೆ ಎಲುಬು, ಮೇಲೆ ಉಗುರಿನಂಥ ಕವಚ, ಹುಟ್ಟಿದ ಮೇಲೆ ಸಾಯುವವರೆಗೆ ಅದೇ ಕೊಂಬು. ಚಿಗರಿ ಸಾಮಾನ್ಯವಾಗಿ 40 ಕಿಲೋ ಆಸುಪಾಸು, ಈಲಂಡ್ ಗಂಡು 600ರಿಂದ 900 ಕಿಲೋ. ಒಂದೇ ಹೆಸರಿನ ಕೆಳಗೆ ಎರಡನ್ನೂ ಸೇರಿಸುವುದೇ ತಮಾಷೆ. ಓರಿಕ್ಸ್ ನಮೀಬಿಯಾದ ರಾಷ್ಟ್ರಪ್ರಾಣಿ, ಮುಖದ ಮೇಲೆ ಕಪ್ಪು ಬಿಳಿ ಪಟ್ಟೆ, ಕತ್ತಿ ಹಾಗೆ ನೇರ ಕೊಂಬು. ಅದರಲ್ಲಿ ಹೆಣ್ಣಿನ ಕೊಂಬೇ ಉದ್ದ.

ಹೊರಟೆವು. ಮುಂದೆ ಹೆಜ್ಜೆ ಜಾಡು ಹಿಡಿಯುವ ಟ್ರ್ಯಾಕರ್, ಹಿಂದೆ ಗೈಡ್, ಅವನ ಹಿಂದೆ ಗೆಳೆಯ, ಕೊನೆಗೆ ನಾನು. ಟ್ರ್ಯಾಕರ್ ಡಮಾರ ಜನಾಂಗದವರು, ಅರವತ್ತು ದಾಟಿದೆ, ತೆಳ್ಳಗೆ ಬೆತ್ತದ ಹಾಗೆ ಮೈ. ಎಲ್ಲರೂ ಅವರನ್ನು ಊಮ್ ಅಂತಾರೆ. ಆಫ್ರಿಕಾನ್ಸ್ ಭಾಷೆಯಲ್ಲಿ ಚಿಕ್ಕಪ್ಪ, ಮಾವ ಎಲ್ಲಕ್ಕೂ ಅದೇ ಪದ, ಹಿರಿಯರಿಗೆಲ್ಲ ಸಲ್ಲುತ್ತೆ. ಅವರ ಮನೆಮಾತಿನಲ್ಲಿ ನಾಲಿಗೆ ಲೊಚಗುಟ್ಟುವ ಶಬ್ದಗಳಿವೆ. ನಾವು ಎತ್ತು ಹೊಡೆಯುವಾಗ ಮಾಡುವ ಶಬ್ದವೆಲ್ಲ ಅಲ್ಲಿ ಅಕ್ಷರ.

ಅವರ ಕೈಯಲ್ಲಿ ಒಂದು ಹಳೇ ಕಾಲುಚೀಲ, ಒಳಗೆ ಒಲೆಯ ಬೂದಿ. ನಾಲ್ಕು ಹೆಜ್ಜೆಗೊಮ್ಮೆ ಅದನ್ನು ಬೆರಳಲ್ಲಿ ತಟ್ಟುತ್ತಾರೆ. ಬೂದಿಯ ಒಂದು ಎಳೆ ಎದ್ದು ಗಾಳಿ ಕಡೆ ಜಾರುತ್ತೆ. ಆ ಎಳೆ ನಮ್ಮ ಮುಖಕ್ಕೆ ಬಂದರೆ ಸರಿ, ಪ್ರಾಣಿ ಕಡೆ ಹೋದರೆ ಆಟ ಮುಗಿಯಿತು. ಇಡೀ ಸಫಾರಿಯಲ್ಲಿ ದುಬಾರಿ ದುರ್ಬೀನು, ರೇಂಜ್ ಅಳೆಯುವ ಯಂತ್ರ ಎಲ್ಲ ಇತ್ತು. ಕೆಲಸಕ್ಕೆ ಬಂದದ್ದು ಆ ಕಾಲುಚೀಲ.

ಹತ್ತು ಗಂಟೆಗೆ ಈಲಂಡ್ ಹೆಜ್ಜೆ ಸಿಕ್ಕಿತು. ನೋಡಲು ದನದ ಗೊರಸಿನ ಹಾಗೆಯೇ, ಗುಂಡಗೆ. ಊಮ್ ಕೋಲಿನ ತುದಿಯಿಂದ ಒಂದನ್ನು ತೋರಿಸಿ, ಅಂಗೈ ಅಗಲಿಸಿ, ದೊಡ್ಡದು ಅಂದರು. ಮಧ್ಯಾಹ್ನದವರೆಗೆ ಹಿಂಬಾಲಿಸಿದೆವು. ಈಲಂಡ್ ನಿಂತು ಮೇಯುವುದು ಕಮ್ಮಿ, ನಡೆಯುತ್ತಲೇ ತಿನ್ನುತ್ತೆ, ಅದರ ನಡಿಗೆ ನಮ್ಮ ಓಟ. ಒಂದೂವರೆಗೆ ಗಾಳಿ ತಿರುಗಿತು. ಬೂದಿಯ ಎಳೆ ನಮ್ಮ ಕಿವಿ ದಾಟಿ ಮುಂದೆ ಹೋಯಿತು. ಎಲ್ಲೋ ಪೊದೆಯಾಚೆ ದಡಬಡ ಸದ್ದು, ಧೂಳು. ಒಂದು ಬಾಲವೂ ಕಾಣಲಿಲ್ಲ.

ಹದಿನಾಲ್ಕು ಕಿಲೋಮೀಟರ್ ನಡೆದಿದ್ದೆವು. ಶೂ ತಳ ದಾಟಿ ಒಂದು ಮುಳ್ಳು ನೇರ ಹಿಮ್ಮಡಿಗೆ ಬಂದಿತ್ತು. ಇಲ್ಲಿ ಒಂದು ಗಿಡಕ್ಕೆ ಆಫ್ರಿಕಾನ್ಸ್‌ನಲ್ಲಿ "ಸ್ವಲ್ಪ ತಡಿ" ಅಂತಲೇ ಹೆಸರು. ಒಂದು ಮುಳ್ಳು ಮುಂದಕ್ಕೆ, ಒಂದು ಕೊಕ್ಕೆ ಹಿಂದಕ್ಕೆ, ಬಟ್ಟೆ ಹಿಡಿದರೆ ಬಿಡಲ್ಲ. ನೋಡಿದರೆ ನಮ್ಮ ಎಲಚಿ ಗಿಡದ ದಾಯಾದಿ, ಒಂದೇ ಕುಲ. ಹಣ್ಣು ಕೂಡ ಹಾಗೆಯೇ.

ಮೂರನೇ ದಿನ

ಈ ದಿನ ಬರೆಯೋದು ಕಷ್ಟ.

ಈಲಂಡ್ ಬಿಟ್ಟು ಕಲ್ಲುಗುಡ್ಡದ ಕಡೆ ಹೋದೆವು. ಕೂಡು ಇರುವುದು ಅಲ್ಲಿ. ಬೂದು ಮೈ, ಅದರ ಮೇಲೆ ಸುಣ್ಣದಲ್ಲಿ ಎಳೆದ ಹಾಗೆ ಸಣ್ಣ ಬಿಳಿ ಗೆರೆ. ಮರದ ಕೆಳಗೆ ನಿಂತರೆ ಅದೇ ಮರ. ಗೈಡ್ "ಅಲ್ಲಿ, ಅಲ್ಲಿ" ಅಂತ ಐದು ನಿಮಿಷ ತೋರಿಸಿದರೂ ನನಗೆ ಕಾಣಿಸಲಿಲ್ಲ. ಆಮೇಲೆ ಒಂದು ಕಿವಿ ಅಲುಗಿತು. ಮೊರದ ಹಾಗೆ ದೊಡ್ಡ ಕಿವಿ. ಕಿವಿ ಸಿಕ್ಕ ಮೇಲೆ ಅದರ ಮೇಲಿನ ಕೊಂಬು ಸಿಕ್ಕಿತು, ಎರಡೂವರೆ ಸುತ್ತು ತಿರುಚಿಕೊಂಡು ಮೇಲೆ ಹೋಗಿ ತುದಿಯಲ್ಲಿ ದಂತದ ಹಾಗೆ ಬೆಳ್ಳಗೆ. ನಿಜ ಹೇಳಬೇಕೆಂದರೆ ಇಷ್ಟು ಚಂದದ ಪ್ರಾಣಿ ನಾನು ನೋಡಿಲ್ಲ.

ನೂರೆಂಬತ್ತು ಮೀಟರ್. ಮೂರು ಕಾಲಿನ ಕೋಲು ನೆಟ್ಟರು, ಗೆಳೆಯ ಅದರ ಮೇಲೆ ರೈಫಲ್ ಇಟ್ಟ. ಅವನ ಉಸಿರು ನನಗೆ ಕೇಳುತ್ತಿತ್ತು. ಅಷ್ಟರಲ್ಲಿ ತಲೆಯ ಮೇಲಿನ ಮರದಲ್ಲಿ ಒಂದು ಬೂದು ಹಕ್ಕಿ "ಗೋ-ವೇ, ಗೋ-ವೇ" ಅಂತ ಕಿರುಚಿತು. ಅದರ ಹೆಸರೇ ಹಾಗೆ, ಬೇಟೆಗಾರರ ಶತ್ರು. ಕೂಡು ತಿರುಗಿತು. ಗೆಳೆಯ ತಡೆಯಬೇಕಿತ್ತು. ತಡೆಯಲಿಲ್ಲ.

ಗುಂಡಿನ ಸದ್ದಾದ ಮೇಲೆ ಇನ್ನೊಂದು ಸದ್ದು ಬರುತ್ತೆ, ಗುಂಡು ತಾಗಿದ ಸದ್ದು. ಚೆನ್ನಾಗಿ ಬಿದ್ದರೆ ಗಟ್ಟಿಯಾಗಿ 'ಟಪ್' ಅನ್ನಬೇಕಂತೆ. ಇದು ಒದ್ದೆ ಗೋಣಿಗೆ ಹೊಡೆದ ಹಾಗೆ ಬಂತು. ಗೈಡ್ ಮುಖ ನೋಡಿದೆ. ಅವನು ಏನೂ ಹೇಳಲಿಲ್ಲ. ಗಡಿಯಾರ ನೋಡಿಕೊಂಡು ಕಲ್ಲಿನ ಮೇಲೆ ಕೂತ, ಸಿಗರೇಟು ಹಚ್ಚಿದ. ಗಾಯವಾದ ಪ್ರಾಣಿಯನ್ನು ಕೂಡಲೇ ಅಟ್ಟಿದರೆ ಮೈಲಿಗಟ್ಟಲೆ ಓಡುತ್ತೆ. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತೆ. ಮುಕ್ಕಾಲು ಗಂಟೆ ಹಾಗೇ ಕೂತೆವು. ಗೆಳೆಯ ಎರಡು ಸಲ ಏನೋ ಹೇಳಲು ಬಾಯಿ ತೆರೆದು ಮುಚ್ಚಿದ.

ಆಮೇಲೆ ಜಾಡು. ರಕ್ತ ಓದುವುದು ಅಂತ ಒಂದಿದೆ ಅಂತ ಅವತ್ತು ಗೊತ್ತಾಯಿತು. ನೊರೆ ನೊರೆ ಗುಲಾಬಿ ಇದ್ದರೆ ಶ್ವಾಸಕೋಶ, ನೂರು ಹೆಜ್ಜೆಯಲ್ಲಿ ಸಿಗುತ್ತೆ. ಕಪ್ಪು ಕೆಂಪಿದ್ದರೆ ಈಲಿ. ಹಸಿರು ಹಸಿರಾಗಿ ಮೇವಿನ ಚೂರು ಸೇರಿದ್ದರೆ ಹೊಟ್ಟೆ. ನಮಗೆ ಸಿಕ್ಕಿದ್ದು ಕಪ್ಪು ಕೆಂಪು, ಜೊತೆಗೆ ಹಸಿರು. ಮೊದಲ ಇನ್ನೂರು ಮೀಟರ್ ನಾನೂ ಕಂಡೆ. ಆಮೇಲೆ ಹನಿ ನಿಂತಿತು. ಅಲ್ಲಿಂದ ಮುಂದೆ ಊಮ್ ಒಬ್ಬರೇ. ಕಲ್ಲು ನೆಲದ ಮೇಲೆ ಒಂದು ಸರಿದ ಕಲ್ಲು. ಹುಲ್ಲಿನ ಒಂದೇ ಒಂದು ಕಡ್ಡಿಯ ಕೆಳಮೈಗೆ ಅಂಟಿದ ಸಾಸಿವೆಯಷ್ಟು ಕಲೆ. ಅವರು ಬೆರಳು ಒದ್ದೆ ಮಾಡಿ ಒತ್ತಿ, ಬೆರಳಿಗೆ ಕೆಂಪು ಬಂತು ಅಂತ ತೋರಿಸಿ, ಮುಂದೆ ನಡೆದರು. ಕೂಡು ಎಲ್ಲಿ ತಿರುಗಿತು, ಎಲ್ಲಿ ನಿಂತು ಹಿಂದೆ ನೋಡಿತು, ಎಲ್ಲ ಹೇಳುತ್ತಿದ್ದರು, ಎದುರಿಗೆ ನಿಂತು ನೋಡಿದವರ ಹಾಗೆ.

ನಾಲ್ಕು ಗಂಟೆಗೆ ಒಂದು ಪೊದೆಯ ಕೆಳಗೆ ಮಲಗಿ ಎದ್ದ ಜಾಗ ಸಿಕ್ಕಿತು. ಮಣ್ಣು ಒದ್ದೆ, ಇನ್ನೂ ಬೆಚ್ಚಗಿತ್ತು. ನಮ್ಮ ಸದ್ದಿಗೇ ಎದ್ದಿತ್ತು. ಆರೂವರೆ ಹತ್ತಿರ ಹೊತ್ತು ಮುಳುಗಿತು. ರಾತ್ರಿ ಬೇಟೆ ಕಾನೂನು ಒಪ್ಪಲ್ಲ, ಒಪ್ಪಿದರೂ ಆ ಮುಳ್ಳಿನಲ್ಲಿ ಬ್ಯಾಟರಿ ಹಿಡಿದು ಹೋಗೋಕೆ ಆಗಲ್ಲ. ಊಮ್ ಕೊನೆಯ ಹೆಜ್ಜೆಯ ಮೇಲಿನ ಕೊಂಬೆಗೆ ಟಿಶ್ಯೂ ಕಾಗದ ಕಟ್ಟಿದರು. ಕತ್ತಲಲ್ಲಿ ಆ ಬಿಳಿ ಚೂರು ಬಹಳ ದೂರದವರೆಗೆ ಕಾಣುತ್ತಿತ್ತು.

ಊಟಕ್ಕೆ ಮೂರು ಕಾಲಿನ ಕಬ್ಬಿಣದ ಮಡಕೆಯಲ್ಲಿ ಬೇಯಿಸಿದ ಓರಿಕ್ಸ್ ಮಾಂಸ, ಸಜ್ಜೆ ಹಿಟ್ಟಿನ ಮುದ್ದೆ. ಹೌದು, ಮುದ್ದೆಯೇ, ಕೈಯಲ್ಲೇ ಮುರಿದು ತಿನ್ನುವುದು. ಸಜ್ಜೆಗೆ ಅಲ್ಲಿ ಮಾಹಂಗು ಅಂತಾರೆ. ಬೇರೆ ದಿನ ಆಗಿದ್ದರೆ ಇದರ ಬಗ್ಗೆಯೇ ಒಂದು ಪುಟ ಬರೆಯುತ್ತಿದ್ದೆ. ಅವತ್ತು ಯಾರೂ ಸರಿಯಾಗಿ ಉಣ್ಣಲಿಲ್ಲ. ರಾತ್ರಿ ನರಿಗಳು ಊಳಿಟ್ಟವು. ಪಕ್ಕದ ಮಂಚದಲ್ಲಿ ಗೆಳೆಯ ಎಚ್ಚರವಾಗಿರುವುದು ಗೊತ್ತಾಗುತ್ತಿತ್ತು. ಅಜ್ಜನ ಕಥೆಗಳಲ್ಲಿ ಒಂದು ಈಡೂ ತಪ್ಪಿದ್ದಿಲ್ಲವಲ್ಲ ಅಂತ ಯೋಚಿಸುತ್ತಾ ನಾನೂ ಮಲಗಿದ್ದೆ. ಹೇಳದೇ ಬಿಟ್ಟದ್ದು ಎಷ್ಟಿತ್ತೋ.

ನಾಲ್ಕನೇ ದಿನ

ಟಿಶ್ಯೂ ಕಟ್ಟಿದಲ್ಲಿಂದ ಆರುನೂರು ಹೆಜ್ಜೆ ಇರಬಹುದು. ಒಂದು ದೊಡ್ಡ ಹುತ್ತದ ಪಕ್ಕ ಬಿದ್ದಿತ್ತು. (ಇಲ್ಲಿನ ಹುತ್ತಗಳು ಆಳೆತ್ತರ ದಾಟುತ್ತವೆ, ಹೆಚ್ಚಿನವು ಉತ್ತರಕ್ಕೆ ವಾಲಿರುತ್ತವೆ, ಸೂರ್ಯ ಆ ಕಡೆ ಇರುವುದರಿಂದ. ದಾರಿ ತಪ್ಪಿದರೆ ಹುತ್ತ ನೋಡು ಅಂತಾರೆ.) ಹಿಂಭಾಗ ನರಿಗಳು ತಿಂದಿದ್ದವು. ಹೊಟ್ಟೆಗೆ ಗುಂಡು ಬಿದ್ದು ರಾತ್ರಿಯಿಡೀ ಬಿದ್ದ ಮಾಂಸ, ಮನುಷ್ಯರಿಗೆ ಪ್ರಯೋಜನಕ್ಕಿಲ್ಲ.

ಗೈಡ್ ಪಕ್ಕದ ಗಿಡದಿಂದ ಒಂದು ಹಸಿರು ಚಿಗುರು ಮುರಿದು ಅದರ ಬಾಯಿಗೆ ಇಟ್ಟ. ಜರ್ಮನ್ ಬೇಟೆಗಾರರ ಪದ್ಧತಿ, ಕೊನೆಯ ತುತ್ತು ಅಂತ. ಟೊಪ್ಪಿ ತೆಗೆದು ಒಂದು ನಿಮಿಷ ನಿಂತ. ಸಾಯುವವರ ಬಾಯಿಗೆ ನಾವು ನೀರು ಬಿಡುತ್ತೇವಲ್ಲ, ನನಗೆ ಅದೇ ಅನಿಸಿತು. ಕೊಂದವನೇ ತುತ್ತು ಇಡುವುದು ವಿಚಿತ್ರ ಅಂತಲೂ ಅನಿಸಿತು. ಎರಡೂ ಒಟ್ಟಿಗೇ.

ಗೆಳೆಯ ಫೋಟೊ ಬೇಡ ಅಂದ. ಕೊಂಬು ಬೇಕಾ ಅಂತ ಕೇಳಿದ್ದಕ್ಕೆ, ದುಡ್ಡು ಕೊಡುತ್ತೇನೆ, ಕೊಂಬು ಇಲ್ಲೇ ಇರಲಿ ಅಂದ. ತಲೆ ಕತ್ತರಿಸುವಾಗ ಗೈಡ್ ಉದ್ದ ಕೈಗವಸು ಹಾಕಿಕೊಂಡ. ನಮೀಬಿಯಾದಲ್ಲಿ ಕೂಡುಗಳಿಗೆ ಹುಚ್ಚುನಾಯಿ ರೋಗ ಬರುತ್ತೆ. 1977ರಲ್ಲಿ ಶುರುವಾದ ಒಂದು ಸಲದ ಹಾವಳಿ ವರ್ಷಗಟ್ಟಲೆ ನಡೆಯಿತು, ಆಮೇಲೆ 2002ರಿಂದ ಮತ್ತೆ. ಬೇರೆ ಕಡೆ ನಾಯಿ ನರಿ ಕಚ್ಚಿ ಹರಡುವ ರೋಗ, ಇಲ್ಲಿ ಕೂಡುವಿನಿಂದ ಕೂಡುವಿಗೆ ಜೊಲ್ಲಿನಲ್ಲೇ ಹರಡುತ್ತೆ. ಕಾಡಿನ ಕೂಡು ಸಾಕಿದ ದನದ ಹಾಗೆ ಮನೆ ಬಾಗಿಲಿಗೆ ಬಂದು ನಿಂತರೆ ಮುದ್ದು ಮಾಡಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿರುತ್ತಾರೆ.

ಮಧ್ಯಾಹ್ನ ಗೆಳೆಯ ಕೋಣೆ ಬಿಟ್ಟು ಬರಲಿಲ್ಲ. ನಾನು ಜಮೀನಿನ ಬಕ್ಕಿ ಹತ್ತಿ ಚೀತಾ ಸಂರಕ್ಷಣಾ ಕೇಂದ್ರಕ್ಕೆ ಹೋಗಿ ಬಂದೆ. ಬಕ್ಕಿ ಅಂದರೆ ಪಿಕಪ್. 2022ರ ಸೆಪ್ಟೆಂಬರ್‌ನಲ್ಲಿ ಮಧ್ಯಪ್ರದೇಶದ ಕುನೋಗೆ ಬಂದ ಎಂಟು ಚೀತಾಗಳ ಹಿಂದಿನ ಕೆಲಸ ಈ ಕೇಂದ್ರದವರದ್ದೂ ಹೌದು. ನಾನು ಭಾರತದವನು ಅಂದ ಕೂಡಲೇ ಅಲ್ಲಿಯ ಹುಡುಗಿ ಅವು ಹೇಗಿವೆ ಅಂತ ಕೇಳಿದಳು, ನೆಂಟರ ಮನೆಗೆ ಕೊಟ್ಟ ಮಗಳ ಬಗ್ಗೆ ಕೇಳುವ ಹಾಗೆ. ಪೇಪರಿನಲ್ಲಿ ಓದಿದ್ದನ್ನು ಹೇಳಿದೆ. ರೈತರು ಚೀತಾ ಕೊಲ್ಲದಿರಲಿ ಅಂತ 1994ರಿಂದ ಅವರಿಗೆ ದೊಡ್ಡ ಕಾವಲು ನಾಯಿ ಸಾಕಿ ಕೊಡುತ್ತಾರೆ. ಕುರಿ ಹಿಂಡಿನ ಜೊತೆಯಲ್ಲೇ ಬೆಳೆದ ನಾಯಿ, ಬೊಗಳಿದರೆ ಚೀತಾ ಬರಲ್ಲ.

ರಾತ್ರಿ ಬೆಂಕಿ ಮುಂದೆ ಗೈಡ್ ಜೊತೆ ಸ್ವಲ್ಪ ವಾದವಾಯಿತು. ಅವನ ಮಾತು ಹೀಗೆ: ಅವನ ಅಜ್ಜನ ಕಾಲದಲ್ಲಿ ಕಾಡುಪ್ರಾಣಿ ಅಂದರೆ ದನದ ಹುಲ್ಲು ತಿನ್ನುವ ಕಾಟ, ಕಂಡರೆ ಗುಂಡು. 1960ರ ದಶಕದ ಕೊನೆಯಲ್ಲಿ ತನ್ನ ಜಮೀನಿನ ಪ್ರಾಣಿಯ ಮೇಲೆ ರೈತನಿಗೇ ಹಕ್ಕು ಕೊಟ್ಟರು. ಕೂಡು ಬೆಲೆ ದನಕ್ಕಿಂತ ಜಾಸ್ತಿ ಆಯಿತು. ಪ್ರಾಣಿ ಉಳಿಯಿತು. ಈಗ ದೇಶದ ಕಾಡುಪ್ರಾಣಿಗಳಲ್ಲಿ ಬಹುಪಾಲು ಇರುವುದು ಅಭಯಾರಣ್ಯದ ಹೊರಗೆ. 1996ರ ಕಾನೂನಿನ ಮೇಲೆ ಹಳ್ಳಿಯವರ ಸಂಘಗಳಿಗೂ ಇದೇ ಹಕ್ಕು ಸಿಕ್ಕಿದೆ. ಲೆಕ್ಕ ಸರಿಯೇ ಇದೆ, ನಾನು ಒಪ್ಪುತ್ತೇನೆ. ಆದರೆ ಅವನ ಜಮೀನಿನ ಸುತ್ತ ಎರಡಾಳೆತ್ತರದ ತಂತಿ ಬೇಲಿ. ಮಳೆ ಬಿದ್ದ ಕಡೆಗೆ ನೂರಾರು ಕಿಲೋಮೀಟರ್ ಹೋಗುತ್ತಿದ್ದ ಈಲಂಡ್ ಈಗ ಆ ತಂತಿಯ ತನಕ ಹೋಗಿ ವಾಪಸ್ ಬರುತ್ತೆ. ಇದು ಕಾಡಾ, ದೊಡ್ಡ ದೊಡ್ಡಿಯಾ? ಕೇಳಿದೆ. "ಕೀನ್ಯಾದಲ್ಲಿ 1977ರಲ್ಲಿ ಬೇಟೆ ನಿಲ್ಲಿಸಿದರು, ಅಲ್ಲಿ ಹೋಗಿ ಎಷ್ಟು ಉಳಿದಿದೆ ಎಣಿಸು" ಅಂದ. ಅದು ನನ್ನ ಪ್ರಶ್ನೆಗೆ ಉತ್ತರ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಐದನೇ ದಿನ

ಗೆಳೆಯ ಬರಲ್ಲ ಅಂದುಕೊಂಡಿದ್ದೆ. ಬೆಳಗ್ಗೆ ಐದೂವರೆಗೆ ಶೂ ಕಟ್ಟಿಕೊಂಡು ಕೂತಿದ್ದ. ಗೈಡ್ ನನ್ನನ್ನು ಕೇಳಿದ, ಒಂದು ಓರಿಕ್ಸ್ ಹೊಡೆಯುತ್ತೀಯಾ, ಅಡುಗೆಗೆ ಬೇಕು, ನಿನಗೆ ಕಮ್ಮಿಗೆ ಕೊಡುತ್ತೇನೆ ಅಂತ. ಬೇಡ ಅಂದೆ. ಪಾಪ ಪುಣ್ಯ ಅಂತೇನಲ್ಲ, ನಾನು ಮಾಂಸ ತಿನ್ನುವವನೇ. ಆ ಹುತ್ತದ ಪಕ್ಕ ನೋಡಿದ ಮೇಲೆ ಕೈ ಬರಲಿಲ್ಲ, ಅಷ್ಟೇ.

ನೀರಿನ ಹೊಂಡದ ಹತ್ತಿರ ರಾತ್ರಿ ಬಂದು ಹೋದ ಹಿಂಡಿನ ಹೆಜ್ಜೆ. ಹೊಂಡದ ಪಕ್ಕ ಕೂತೇ ಹೊಡೆಯಬಹುದಲ್ಲ ಅಂತ ಕೇಳಿದ್ದಕ್ಕೆ ಗೈಡ್ ಮುಖ ಸಿಂಡರಿಸಿದ, ಬಾಯಾರಿ ಬಂದದ್ದನ್ನು ನಾನು ಹೊಡೆಸಲ್ಲ ಅಂದ. ನಡೆದೆವು. ಗಾಳಿ ಅವತ್ತು ನಮ್ಮ ಕಡೆ. ಹನ್ನೊಂದು ದಾಟಿರಬೇಕು, ಊಮ್ ತಟ್ಟನೆ ನಿಂತು ಕಿವಿ ಮುಟ್ಟಿಕೊಂಡರು.

ಕೇಳಿಸಿತು. ಲಟ್. ಲಟ್. ಲಟ್. ಯಾರೋ ನಿಧಾನಕ್ಕೆ ಬೆರಳಿನ ನೆಟಿಗೆ ಮುರಿಯುವ ಹಾಗೆ. ಗಂಡು ಈಲಂಡ್ ನಡೆಯುವಾಗ ಮುಂಗಾಲಿನ ಮಂಡಿಯಲ್ಲಿ ಸ್ನಾಯುರಜ್ಜು ಎಲುಬಿನ ಮೇಲೆ ಜಾರಿ ಆಗುವ ಸದ್ದು ಇದು. ಪ್ರಾಣಿ ದೊಡ್ಡದಾದಷ್ಟೂ ಸದ್ದು ದಪ್ಪ. ಕೀನ್ಯಾದಲ್ಲಿ ಇದನ್ನೇ ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದ್ದಾರೆ, ಗಂಡುಗಳು ಜಗಳಕ್ಕೆ ಮೊದಲೇ ಈ ಸದ್ದಿನಿಂದ ಎದುರಿನವನ ಗಾತ್ರ ಅಳೆಯುತ್ತವೆ ಅಂತ. ಒಂದು ಟನ್ ಹತ್ತಿರದ ಪ್ರಾಣಿ, ಪೊದೆಯಲ್ಲಿ ಎಲೆ ಅಲುಗಿಸದೆ ಬರುತ್ತಿದೆ, ಮಂಡಿ ಮಾತ್ರ ಮಾತಾಡುತ್ತಿದೆ.

ಹೆಣ್ಣುಗಳು, ಮರಿಗಳು ದಾಟಿದವು. ಎಲ್ಲ ಹಾಲುಕೆನೆ ಬಣ್ಣ. ಕೊನೆಗೆ ಅವನು. ಬಣ್ಣ ಕಳೆದು ನೀಲಿ ಬೂದಿ ಆಗಿದ್ದ, ಕುತ್ತಿಗೆ ಎತ್ತಿನದಕ್ಕಿಂತ ದಪ್ಪ, ಗಂಗೆದೊಗಲು ಮಂಡಿಯವರೆಗೆ ಜೋಲುತ್ತಿತ್ತು, ಹಣೆ ಮೇಲೆ ಕಪ್ಪು ಕೂದಲಿನ ಚಾಪೆ. ಎಂಬತ್ತು ಮೀಟರ್. ಗೆಳೆಯ ಕೋಲಿನ ಮೇಲೆ ರೈಫಲ್ ಇಟ್ಟು ಕಾದ. ಒಂದು ಹೆಣ್ಣು ಅಡ್ಡ ಬಂತು. ಕಾದ. ಈಲಂಡ್ ಮರದ ಹಿಂದೆ ನಿಂತಿತು. ಕಾದ. ನನಗೆ ಅನಿಸಿದ್ದು ಇವನು ಹೊಡೆಯುವುದಿಲ್ಲ ಅಂತ. ಗೈಡ್ ಕೂಡ ಒಂದು ಸಲ ತಿರುಗಿ ನೋಡಿದ. ಆಮೇಲೆ ಅದು ಎರಡು ಹೆಜ್ಜೆ ಮುಂದಿಟ್ಟಿತು. ಲಟ್, ಲಟ್.

ಟಪ್ ಅಂತ ಗಟ್ಟಿಯಾಗಿಯೇ ಬಂತು ಸದ್ದು. ಮೂವತ್ತು ಹೆಜ್ಜೆ ಓಡಿ, ಮುಂಗಾಲು ಮಡಚಿ, ದನ ಮಲಗುವ ಹಾಗೇ ಮಲಗಿತು.

ಹತ್ತಿರ ಹೋದಾಗ ಮೊದಲು ತಾಗಿದ್ದು ವಾಸನೆ. ಹಣೆಯ ಆ ಕೂದಲನ್ನು ಗಂಡು ಈಲಂಡ್ ಉಚ್ಚೆ ಮಣ್ಣಿಗೆ ಉಜ್ಜಿಕೊಳ್ಳುತ್ತದೆ. ಹುಳಿ ಹುಳಿ, ಗಾಢ. ಮೂರು ಸಲ ಸೋಪು ಹಾಕಿದರೂ ಕೈಯಿಂದ ಹೋಗಲಿಲ್ಲ. ಗೈಡ್ ಬಾಯಿ ತೆರೆದು ಹಲ್ಲು ತೋರಿಸಿದ. ದವಡೆ ಹಲ್ಲು ಒಸಡಿನ ಮಟ್ಟಕ್ಕೆ ಸವೆದು ಹೋಗಿತ್ತು. ಇನ್ನೊಂದು ಬರಗಾಲ ತಡೆಯುತ್ತಿರಲಿಲ್ಲ ಅಂದ. ಕೊಂಬೂ ಸವೆದು ಗಿಡ್ಡ. ಅಳತೆ ಪಟ್ಟಿ ಹಿಡಿದು ಮೆರೆಯುವವರಿಗೆ ಇದು ಸಾಧಾರಣ ಕೊಂಬು. ಗೆಳೆಯ ಪಟ್ಟಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ಅಲ್ಲೇ ಪಕ್ಕದಲ್ಲಿ ಕೂತು ಅದರ ಕಿವಿ ಸವರುತ್ತಿದ್ದ.

ಬಕ್ಕಿಗೆ ಏರಿಸಲು ರಾಟೆ, ತಂತಿ ಹಗ್ಗ, ಏಳು ಜನ, ಒಂದೂವರೆ ಗಂಟೆ.

ಆರನೇ ದಿನ

ಬೆಳಗ್ಗೆ ಕೊಟ್ಟಿಗೆಯಂಥ ಶೆಡ್ಡಿನಲ್ಲಿ ಸುಲಿದು ತುಂಡು ಮಾಡುವ ಕೆಲಸ. ಮಾಂಸ ಬಹುಪಾಲು ಕೋಲ್ಡ್ ರೂಮಿಗೆ, ಅಲ್ಲಿಂದ ಊರಿನ ಮಾಂಸದಂಗಡಿಗೆ, ಲಾಡ್ಜುಗಳಿಗೆ. ತೊಡೆಯ ಮಾಂಸ ಉದ್ದುದ್ದ ಸೀಳಿ ಬಿಲ್ಟಾಂಗ್. ನಮ್ಮ ಉಪ್ಪುಕಂಡದ ಅಣ್ಣ ಅಂದುಕೊಳ್ಳಿ. ವಿನೆಗರ್, ಉಪ್ಪು, ಕಾಳುಮೆಣಸು, ಹುರಿದು ಕುಟ್ಟಿದ ಕೊತ್ತಂಬರಿ ಬೀಜ. ಆ ಬೀಜ ಹುರಿಯುವ ಘಮಕ್ಕೆ ನನ್ನ ಕಾ‌ಲು ತನ್ನಷ್ಟಕ್ಕೆ ಅಡುಗೆಮನೆ ಕಡೆ ಹೋಯಿತು, ಅಮ್ಮ ಸಾರಿನ ಪುಡಿಗೆ ಹುರಿಯುವಾಗ ಹೋಗುತ್ತಿದ್ದ ಹಾಗೆ. ಅಡುಗೆಯ ಹೆಂಗಸು ನಗುತ್ತಾ ಒಂದು ಒಣ ಚೂರು ಕೈಗಿಟ್ಟರು.

ಗೆಳೆಯನ ಪಾಲಿನ ತಲೆಬುರುಡೆ, ಚರ್ಮಕ್ಕೆ ಉಪ್ಪು ಸವರಿ ಚೀಟಿ ಕಟ್ಟಿದರು. ಸ್ವಚ್ಛ ಮಾಡಿ, ಕಾಗದಪತ್ರ ಆಗಿ ಅವನ ಮನೆಗೆ ಬರಲು ತಿಂಗಳುಗಳೇ ಬೇಕು. ಊಮ್ ತಮ್ಮ ಪಾಲನ್ನು ಗೋಣಿಚೀಲದಲ್ಲಿ ಹಾಕಿ ಸೈಕಲ್ಲಿಗೆ ಕಟ್ಟುತ್ತಿದ್ದರು. ಗೆಳೆಯ ಹೋಗಿ ಎರಡೂ ಕೈಯಲ್ಲಿ ಅವರ ಕೈ ಹಿಡಿದುಕೊಂಡ, ಏನೋ ಆಫ್ರಿಕಾನ್ಸ್‌ನಲ್ಲಿ ಹೇಳಿದ. ಅವರು ತಲೆಯಾಡಿಸಿದರು. ಏನು ಹೇಳಿದ್ದು ಅಂತ ನಾನು ಕೇಳಲಿಲ್ಲ.

ವಿಮಾನ ನಿಲ್ದಾಣದಲ್ಲಿ ನನ್ನ ಬ್ಯಾಗು ಕಾಯುತ್ತಿತ್ತು, ಬೀಗ ಕೂಡ ತೆಗೆದಿರಲಿಲ್ಲ. ವಿಮಾನಕ್ಕೆ ಇನ್ನೂ ಹೊತ್ತಿತ್ತು, ಊರಿಗೆ ಫೋನ್ ಮಾಡಿದೆ. ಅಪ್ಪಯ್ಯನಿಗೆ ಎಲ್ಲ ಹೇಳಿದೆ, ಕೂಡು ಕಥೆ ಬಿಟ್ಟು.

"ಈಡು ಹೊಡೆದವನಿಗೆ ಪಾಲು ಎಷ್ಟು?" ಅಂದರು.

"ಕೊಂಬು, ಚರ್ಮ."

"ಮಾಂಸ?"

"ಇಲ್ಲ ಅಪ್ಪಯ್ಯ. ಅಲ್ಲಿರುವಷ್ಟು ದಿನ ಉಂಡಿದ್ದಷ್ಟೇ. ಮಾಂಸ ಜಮೀನಿನವರದ್ದು."

"ದುಡ್ಡು ಕೊಟ್ಟಿದ್ದು ಯಾರು ಹಾಂಗಾದ್ರೆ?"

"ಇವನೇ."

ಸ್ವಲ್ಪ ಹೊತ್ತು ಸದ್ದಿಲ್ಲ. ಹಿಂದೆ ಹಂಚಿನ ಮೇಲೆ ಮಳೆ ಹೊಡೆಯುವುದು ಕೇಳುತ್ತಿತ್ತು.

"ಆ ಜಾಡು ಹಿಡಿದ ಮುದುಕಪ್ಪನಿಗೆ?"

"ಈಲಿ, ಕರುಳು, ಒಂದು ಪಕ್ಕೆ ಪೂರ್ತಿ."

"ಹ್ಞೂಂ. ಹಾಂಗಾದ್ರೆ ಶಿಕಾರಿ ಅವರದ್ದೇ ಬಿಡು ಮಾರಾಯ" ಅಂದರು. ಆಮೇಲೆ, ಗಾಳಿಗೆ ಲೈನು ಹೋಗ್ತಾ ಇದೆ, ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಸೋಕೆ ಜನ ಸಿಕ್ಕಿಲ್ಲ ಅಂತ ಶುರು ಮಾಡಿದರು.